ನನ್ನದೇ ಜೀವಕೋಶ, ನಿಮಗ್ಯಾಕೆ ಹೊಟ್ಟೆಯುರಿ?

ಹೋದ ವರ್ಷ ಮಂಡಿನೋವು ಅಂತ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಆಫೀಸಿನ ರನ್ನಿಂಗ್ ಗ್ರೂಪಿಗೆ ಸೇರಿ ಹತ್ತು ಕಿಲೋಮೀಟರ್ ಓಟಕ್ಕೆ ಅತ್ಯುತ್ಸಾಹದಿಂದ ತಯಾರಾಗಿದ್ದರ ಫಲ. ಅಲ್ಲಿ ಡಾಕ್ಟರಿಗಿಂತ ಮುಂಚೆ ಕೌನ್ಸೆಲರ್ ಸಿಕ್ಕರು. ಮೊಬೈಲಿನಲ್ಲಿ ರಫೆಲ್ ನಡಾಲ್ ಫೋಟೋ ತೋರಿಸಿ, "ಸರ್, ಇವರೂ ಇದನ್ನೇ ಮಾಡಿಸ್ಕೊಂಡಿದ್ದು" ಅಂದರು. ಸ್ಟೆಮ್ ಸೆಲ್ ಚಿಕಿತ್ಸೆ. ನನ್ನದೇ ಹೊಟ್ಟೆಯ ಕೊಬ್ಬಿನಿಂದ ಕೋಶ ತೆಗೆದು ನನ್ನದೇ ಮಂಡಿಗೆ ಚುಚ್ಚುವುದು. (ಕಚ್ಚಾಮಾಲಿಗೆ ನನ್ನಲ್ಲಿ ಕೊರತೆಯಿಲ್ಲ ಬಿಡಿ.) ಎಷ್ಟು ಜನಕ್ಕೆ ಮಾಡಿದ್ದೀರಿ, ಎಷ್ಟು ಜನಕ್ಕೆ ವಾಸಿಯಾಗಿದೆ ಅಂತ ಕೇಳಿದೆ. ಉತ್ತರ ಬಂದದ್ದು ಇಎಂಐ ಬಗ್ಗೆ.

ನಡಾಲ್ ಮಾಡಿಸಿಕೊಂಡದ್ದು ನಿಜ. 2014ರ ನವೆಂಬರಿನಲ್ಲಿ, ಬಾರ್ಸಿಲೋನಾದಲ್ಲಿ, ಬೆನ್ನಿಗೆ. ಅದಕ್ಕೆ ಮೊದಲು ಸತತ ಹತ್ತು ವರ್ಷ ಒಂದಾದರೂ ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದವನು 2015ರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಚಿಕಿತ್ಸೆಯಿಂದಲೇ ಹೀಗಾಯ್ತು ಅಂತ ನಾನು ಹೇಳ್ತಿಲ್ಲ. ಆದರೆ ಗೆದ್ದಿದ್ದರೆ ಅದು ಚಿಕಿತ್ಸೆಯಿಂದಲೇ ಅಂತ ಇವರು ಖಂಡಿತ ಹೇಳ್ತಿದ್ದರು.

ಇನ್ನೊಂದು ಹೆಸರು ಬಾರ್ಟೋಲೋ ಕೊಲೋನ್. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು, 2005ರಲ್ಲಿ ತನ್ನ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು. ಆಮೇಲೆ ಭುಜ ಕೆಟ್ಟು, 2010ರಲ್ಲಿ ಮೇಜರ್ ಲೀಗಿನಲ್ಲಿ ಆಡಲೇ ಇಲ್ಲ. ಆ ವರ್ಷ ಡೊಮಿನಿಕನ್ ಗಣರಾಜ್ಯದಲ್ಲಿ ಕೊಬ್ಬು ಮತ್ತು ಅಸ್ಥಿಮಜ್ಜೆಯ ಕೋಶಗಳನ್ನು ಭುಜಕ್ಕೂ ಮೊಣಕೈಗೂ ಚುಚ್ಚಿಸಿಕೊಂಡ. 2011ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ನ್ಯೂಯಾರ್ಕ್ ಯಾಂಕೀಸ್ ಪರ ಮತ್ತೆ ಜೋರಾಗಿ ಎಸೆದ. ಪವಾಡ ಅಂತ ಪತ್ರಿಕೆಗಳು ಬರೆದವು. 2012ರ ಆಗಸ್ಟಿನಲ್ಲಿ ಟೆಸ್ಟೋಸ್ಟೆರೋನ್ ಸಿಕ್ಕಿ ಐವತ್ತು ಪಂದ್ಯ ಅಮಾನತಾದ. ಈಗ ಹೇಳಿ, ಆ ಭುಜದ ಹಿಂದೆ ಯಾವುದರ ಪಾಲು ಎಷ್ಟು? ಯಾರಿಗೂ ಗೊತ್ತಾಗಲ್ಲ. ನನ್ನ ತಕರಾರೇ ಅದು.

"ನನ್ನದೇ ಕೋಶ ತಾನೇ, ಹೊರಗಿನದ್ದೇನಿಲ್ವಲ್ಲ" ಅನ್ನೋದು ಗ್ರೂಪಿನ ಗೆಳೆಯರ ವಾದ. ಸ್ವಾಮಿ, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಏರಿಸಿಕೊಂಡದ್ದೂ ತನ್ನದೇ ರಕ್ತ. ಚೀಲದಲ್ಲಿ ಶೇಖರಿಸಿಟ್ಟು, ಬೇಕಾದಾಗ ಮತ್ತೆ ಮೈಗೆ. ಅದು ಡೋಪಿಂಗ್ ಅಂತ ಎಲ್ಲರೂ ಒಪ್ಪಿದ್ದೇವೆ. ವಿಶ್ವ ಉದ್ದೀಪನ ತಡೆ ಸಂಸ್ಥೆ ವಾಡಾ ಪ್ರಕಾರ ಕೋಶಗಳನ್ನು ಗಾಯ ವಾಸಿಮಾಡಲು ಬಳಸಬಹುದು, ಸಾಮರ್ಥ್ಯ ಹೆಚ್ಚಿಸಲು ಕೂಡದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮೂವತ್ತೆಂಟರ ಭುಜ ಸವೆದದ್ದು ಗಾಯವೋ, ವಯಸ್ಸೋ? ವಯಸ್ಸನ್ನೇ ವಾಸಿಮಾಡಿದರೆ ಎದುರು ನಿಂತ ಇಪ್ಪತ್ತೆರಡರ ಹುಡುಗನಿಗೆ ಏನಂತೀರಿ?

ಹಾಗಂತ ಪೂರ್ತಿ ನಿಷೇಧಿಸಿ ಅನ್ನೋ ಪೈಕಿ ನಾನಲ್ಲ. ಗಾಯಗೊಂಡವನಿಗೆ ಚಿಕಿತ್ಸೆ ಬೇಡ ಅನ್ನೋಕೆ ನಾವ್ಯಾರು? ಆದರೆ ಏನು ಚುಚ್ಚಿದರು, ಎಷ್ಟು, ಅದರ ಜೊತೆಗೆ ಇನ್ನೇನು ಬೆರೆಸಿದರು, ಒಂದು ವರ್ಷದ ಮೇಲೆ ಏನಾಯ್ತು ಅನ್ನೋದು ಬಹಿರಂಗವಾಗಬೇಕು. ಅದು ಅವನ ಖಾಸಗಿ ವಿಷಯ ಅಂತೀರಾ? ಕ್ಲಿನಿಕ್ಕಿನವರು ಅವನ ಫೋಟೋ ತೋರಿಸಿ ನನ್ನ ಜೇಬಿಗೆ ಕೈ ಹಾಕಿದ ದಿನವೇ ಖಾಸಗಿತನ ಮುಗಿಯಿತು. ಆಟಗಾರನಿಗಾದರೂ ತಂಡದ ವೈದ್ಯರಿದ್ದಾರೆ, ನಮಗೆ ಕೌನ್ಸೆಲರ್ ಮಾತ್ರ. ನಮ್ಮ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ: ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಹೊರಗೆ ರೋಗಿಗಳಿಗೆ ಸ್ಟೆಮ್ ಸೆಲ್ ಕೊಡುವುದು ಅನೈತಿಕ. ನನ್ನ ಮಂಡಿ ಯಾವ ಟ್ರಯಲ್ಲಿನಲ್ಲೂ ಇರಲಿಲ್ಲ.

ಫಿಸಿಯೋಥೆರಪಿಗೆ ನಾಲ್ಕು ತಿಂಗಳು ಹಿಡಿಯಿತು, ಈಗ ಪರವಾಗಿಲ್ಲ. ಆ ಕೌನ್ಸೆಲರ್ ಮಾತ್ರ ಇನ್ನೂ ವಾಟ್ಸಾಪ್ ಮಾಡ್ತಾನೇ ಇದ್ದಾರೆ. ಹೋದ ವಾರ ಎರಡೂ ಮಂಡಿಗೆ ಸೇರಿ ರಿಯಾಯಿತಿ ಇತ್ತು.