ಹೊಟ್ಟು ಸುಡಬೇಡಿ, ಒತ್ತಿ ಮಾರಿ

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಮರದ ಹೊಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಬರೆದಿದ್ದೇನೆ. ಹೊಟ್ಟಿನ ಬಗ್ಗೆ ಬರೆಯೋಕೆ ಏನಿದೆ ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ನಮ್ಮ ಊರು ಚನ್ನಪಟ್ಟಣದ ಹತ್ತಿರ ಇದೆ. ಚನ್ನಪಟ್ಟಣ ಬೊಂಬೆಗಳ ಊರು ಅಂತ ಎಲ್ಲರಿಗೂ ಗೊತ್ತು. ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿ ಹಿಡಿದರೆ ಬೊಂಬೆ ಒಂದು ಕಡೆ, ಚಕ್ಕೆ ಮತ್ತು ಹುಡಿ ಇನ್ನೊಂದು ಕಡೆ. ಮರ ಕೊಯ್ಯುವ ಸಾಮಿಲ್ಲುಗಳಲ್ಲಂತೂ ಗರಗಸ ಓಡಿದಷ್ಟು ಹೊತ್ತೂ ಹೊಟ್ಟು ಸುರಿಯುತ್ತಲೇ ಇರುತ್ತದೆ. ನಾವು ಶಾಲೆಗೆ ಬರುವ ದಾರಿಯಲ್ಲಿ ಒಂದು ಸಾಮಿಲ್ಲು ಇದೆ. ಅದರ ಹೊಟ್ಟನ್ನು ಕೆರೆ ಏರಿಯ ಪಕ್ಕದಲ್ಲಿ ಗುಡ್ಡೆ ಹಾಕುತ್ತಾರೆ. ಗುಡ್ಡೆ ಜಾಸ್ತಿಯಾದಾಗ ಬೆಂಕಿ ಇಡುತ್ತಾರೆ. ಅದು ಉರಿಯುವುದಿಲ್ಲ, ಮೂರು ನಾಲ್ಕು ದಿನ ಒಳಗೊಳಗೇ ಹೊಗೆಯಾಡುತ್ತದೆ. ಗಾಳಿ ಈ ಕಡೆ ಬೀಸಿದರೆ ನಮ್ಮ ತರಗತಿಯ ಕಿಟಕಿ ಮುಚ್ಚಿಕೊಂಡು ಪಾಠ ಕೇಳಬೇಕು. ಮಳೆ ಬಂದರೆ ಉಳಿದ ಹೊಟ್ಟು ಕೆರೆಗೆ ಹೋಗಿ ನೀರು ಚಹಾದ ಬಣ್ಣ ಆಗುತ್ತದೆ. ಮರದ ದೂಳು ಮೂಗಿಗೆ ಎಷ್ಟು ಕೆಟ್ಟದ್ದು ಅಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಈಗ ಇನ್ನೊಂದು ಕಡೆ ನೋಡಿ. ನಮ್ಮ ಚಿಕ್ಕಮ್ಮ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ. ರೇಷ್ಮೆ ಗೂಡನ್ನು ಬಿಸಿನೀರಲ್ಲಿ ಬೇಯಿಸಿದರೆ ಮಾತ್ರ ಅದರ ಅಂಟು ಮೆತ್ತಗಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೆಳಗ್ಗೆಯಿಂದ ಸಂಜೆ ತನಕ ಒಲೆ ಉರಿಯುತ್ತಲೇ ಇರಬೇಕು. ಅವರು ಕೆಲಸ ಮಾಡುವ ಕಡೆ ಸೌದೆ ಉರಿಸುತ್ತಾರೆ. ಹಸಿ ಸೌದೆ ಬಂದ ದಿನ ಚಿಕ್ಕಮ್ಮನ ಕಣ್ಣು ಕೆಂಡದ ಹಾಗೆ ಆಗಿರುತ್ತದೆ. ಚನ್ನಪಟ್ಟಣಕ್ಕೂ ರಾಮನಗರಕ್ಕೂ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೆ. ಇಲ್ಲಿ ಮರದ ಹುಡಿಯನ್ನು ಸುಮ್ಮನೆ ಸುಡುತ್ತೇವೆ, ಅಲ್ಲಿ ಸುಡೋಕೆ ಅಂತ ಮರ ಕಡಿದು ತರುತ್ತಾರೆ. ಇದು ಯಾವ ಲೆಕ್ಕ?

ಹಾಗಾದರೆ ಹೊಟ್ಟನ್ನೇ ಚೀಲಕ್ಕೆ ತುಂಬಿ ರಾಮನಗರಕ್ಕೆ ಕಳಿಸಬಹುದಲ್ಲ ಅಂತ ನೀವು ಕೇಳಬಹುದು. ಅಲ್ಲೇ ಇರೋದು ಕಷ್ಟ. ಸಡಿಲವಾದ ಹೊಟ್ಟು ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 200 ಕಿಲೋ ಮಾತ್ರ ಹಿಡಿಯುತ್ತದೆ. ಲಾರಿ ತುಂಬುತ್ತದೆ, ತೂಕ ಬರುವುದಿಲ್ಲ. ಬಾಡಿಗೆ ದಂಡ. ಒಲೆಗೆ ಸುರಿದರೂ ಗಾಳಿ ಆಡದೆ ಬರೀ ಹೊಗೆ. ಅದಕ್ಕೇ ಅದನ್ನು ಒತ್ತಿ ಗಟ್ಟಿ ಉಂಡೆ ಮಾಡಬೇಕು. ಇದಕ್ಕೆ ಬ್ರಿಕೆಟ್ ಎನ್ನುತ್ತಾರೆ. ವ್ಯಾಪಾರದವರು ಬಿಳಿ ಕಲ್ಲಿದ್ದಲು ಅಂತಲೂ ಕರೆಯುತ್ತಾರೆ. ನೋಡೋಕೆ ದಪ್ಪ ಕೊರಡಿನ ತುಂಡಿನ ಹಾಗೆ ಇರುತ್ತದೆ.

ನನಗೆ ಆಶ್ಚರ್ಯ ಆದದ್ದು ಏನೆಂದರೆ, ಇದಕ್ಕೆ ಗೋಂದು ಹಾಕುವುದೇ ಇಲ್ಲ. ಮರದಲ್ಲೇ ಲಿಗ್ನಿನ್ ಎಂಬ ಪದಾರ್ಥ ಇದೆ. ಮರದ ನಾರುಗಳನ್ನು ಹಿಡಿದಿಡುವುದು ಅದೇ. ಯಂತ್ರ ಹೊಟ್ಟನ್ನು ಜೋರಾಗಿ ಒತ್ತುವಾಗ ಉಜ್ಜಿ ಉಜ್ಜಿ ಕಾವು ಹುಟ್ಟುತ್ತದೆ, ಲಿಗ್ನಿನ್ ಮೆತ್ತಗಾಗುತ್ತದೆ, ತಣ್ಣಗಾದ ಮೇಲೆ ಹುಡಿಯನ್ನೆಲ್ಲ ಅಂಟಿಸಿಕೊಂಡು ಗಟ್ಟಿಯಾಗುತ್ತದೆ. ಹಾಗೆ ಒತ್ತಿದ ಬ್ರಿಕೆಟ್ ಒಂದು ಘನ ಮೀಟರಿಗೆ 1000ದಿಂದ 1200 ಕಿಲೋ ತೂಗುತ್ತದೆ. ಮರ ತೇಲುತ್ತದೆ, ಒಳ್ಳೆಯ ಬ್ರಿಕೆಟ್ ನೀರಲ್ಲಿ ಮುಳುಗುತ್ತದೆ! ಆದರೆ ಒತ್ತುವ ಮೊದಲು ಹೊಟ್ಟು ಚೆನ್ನಾಗಿ ಒಣಗಿರಬೇಕು. ನೂರು ಕಿಲೋ ಹೊಟ್ಟಿನಲ್ಲಿ ನೀರು ಸುಮಾರು 10 ಕಿಲೋಗಿಂತ ಜಾಸ್ತಿ ಇರಬಾರದು. ಇದ್ದರೆ ಒಳಗಿನ ಹಬೆ ಉಂಡೆಯನ್ನೇ ಒಡೆಯುತ್ತದೆ. ಆದ ಮೇಲೂ ಮಳೆಗೆ ಬಿಟ್ಟರೆ ಉಬ್ಬಿ ಪುಡಿಪುಡಿ.

ಕಾವಿನ ಲೆಕ್ಕ ಕೇಳಿ. ಒಂದು ಕಿಲೋ ಒಣ ಬ್ರಿಕೆಟ್ ಉರಿದರೆ ಸುಮಾರು 4000 ಕಿಲೋಕ್ಯಾಲೊರಿ ಶಾಖ ಬರುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಬೇಕು ಅಂತ ಮೇಷ್ಟ್ರು ಹೇಳಿದ್ದಾರೆ. 20 ಡಿಗ್ರಿಯ ನೀರು ಕುದಿಯುವ ಮಟ್ಟಕ್ಕೆ ಬರಲು ಲೀಟರಿಗೆ 80. ಅಂದರೆ ಸ್ವಲ್ಪವೂ ಸೋರದಿದ್ದರೆ ಒಂದು ಕಿಲೋದಲ್ಲಿ 50 ಲೀಟರ್ ನೀರು ಕುದಿಸಬಹುದು. ಒಲೆಯಲ್ಲಿ ಅರ್ಧ ಶಾಖ ಸೋರಿಹೋದರೂ 25 ಲೀಟರ್ ಆಯಿತಲ್ಲ! ಬೂದಿಯೂ ಕಡಿಮೆ. ಭತ್ತದ ಹೊಟ್ಟು ನೂರು ಕಿಲೋ ಸುಟ್ಟರೆ ಇಪ್ಪತ್ತು ಕಿಲೋದಷ್ಟು ಬೂದಿ ಉಳಿಯುತ್ತದೆ, ಮರದ ಹೊಟ್ಟಿನಲ್ಲಿ ಒಂದೆರಡು ಕಿಲೋ.

ಇಷ್ಟು ಒಳ್ಳೆಯದಾದರೆ ಯಾಕೆ ಯಾರೂ ಮಾಡಿಲ್ಲ ಅಂತ ನಮ್ಮ ತರಗತಿಯ ಒಬ್ಬ ಕೇಳಿದ. ಸರಿಯಾದ ಪ್ರಶ್ನೆ. ಬೇರೆ ಕಡೆ ಮಾಡುತ್ತಿದ್ದಾರೆ. ನಮ್ಮ ದೇಶದಲ್ಲಿ ಕಡಲೆಕಾಯಿ ಸಿಪ್ಪೆ, ಹತ್ತಿ ಕಡ್ಡಿ, ಕಾಫಿ ಸಿಪ್ಪೆಯಿಂದಲೂ ಬ್ರಿಕೆಟ್ ಮಾಡುತ್ತಾರೆ. ಆದರೆ ಯಂತ್ರಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕು, ದೊಡ್ಡ ಮೋಟಾರು ಬೇಕು, ಗಂಟೆಗೆ ನೂರಾರು ಕಿಲೋ ಒಣ ಹೊಟ್ಟು ಹಾಕುತ್ತಲೇ ಇರಬೇಕು. ಒಂದು ಸಾಮಿಲ್ಲಿನಿಂದ ಆಗುವ ಕೆಲಸ ಅಲ್ಲ. ಹಾಲಿನ ಡೈರಿಗೆ ಒಂದೊಂದು ಮನೆಯವರು ಒಂದೊಂದು ಕ್ಯಾನು ತಂದು ಹಾಕುವುದಿಲ್ಲವೇ? ಹಾಗೆ ಸುತ್ತಲಿನ ಸಾಮಿಲ್ಲಿನವರು, ಬೊಂಬೆ ಕೆಲಸದವರು ಎಲ್ಲ ಒಂದು ಸಂಘ ಮಾಡಿ ಹೊಟ್ಟು ಒಂದು ಕಡೆ ಸೇರಿಸಬೇಕು.

ಇನ್ನೊಂದು ಮಾತು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ನಮ್ಮ ಅಜ್ಜಿ ವಾರಕ್ಕೊಮ್ಮೆ ಸಾಮಿಲ್ಲಿಗೆ ಹೋಗಿ ಎರಡು ಚೀಲ ಹೊಟ್ಟು ತರುತ್ತಾರೆ. ಹಳೆ ಡಬ್ಬದ ಮಧ್ಯೆ ಬಾಟಲಿ ಇಟ್ಟು ಸುತ್ತಲೂ ಹೊಟ್ಟು ಗಿಡಿದು, ಬಾಟಲಿ ತೆಗೆದರೆ ಹೊಟ್ಟಿನ ಒಲೆ ರೆಡಿ. ಮನೆಯಲ್ಲಿ ಗ್ಯಾಸ್ ಇದ್ದರೂ ಸ್ನಾನದ ನೀರು ಕಾಯುವುದು ಅದರಲ್ಲೇ. ನಮ್ಮ ಬೀದಿಯಲ್ಲಿ ಏಳೆಂಟು ಮನೆಯವರು ಹೀಗೇ ಮಾಡುತ್ತಾರೆ. ಈಗ ಅದಕ್ಕೆ ಕಾಸಿಲ್ಲ. ನಾಳೆ ಹೊಟ್ಟಿಗೆ ಬೆಲೆ ಬಂದರೆ ಸಾಮಿಲ್ಲಿನವರು ಅಜ್ಜಿಯನ್ನು ಗೇಟಿನ ಹೊರಗೇ ನಿಲ್ಲಿಸುತ್ತಾರೆ. ಕಸ ಇದ್ದಾಗ ಬಡವರಿಗೆ, ರಸ ಆದಾಗ ದುಡ್ಡಿದ್ದವರಿಗೆ ಅಂದರೆ ಅದು ನ್ಯಾಯ ಅಲ್ಲ.

ಹಾಗಂತ ಈಗಿನ ಹಾಗೇ ಬಿಡಿ ಅಂತಲೂ ನಾನು ಹೇಳುವುದಿಲ್ಲ. ಅಜ್ಜಿಯಂಥವರು ತೆಗೆದುಕೊಂಡು ಹೋಗುವುದು ಗುಡ್ಡೆಯಲ್ಲಿ ಒಂದು ಮೂಲೆ ಅಷ್ಟೆ. ಉಳಿದದ್ದೆಲ್ಲ ಕೆರೆಗೆ ಮತ್ತು ನಮ್ಮ ಮೂಗಿಗೆ. ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ:

1. ಕೆರೆ ಏರಿಯ ಪಕ್ಕ ಹೊಟ್ಟು ಸುರಿಯುವುದನ್ನೂ ಬೆಂಕಿ ಇಡುವುದನ್ನೂ ಪಂಚಾಯಿತಿಯವರು ನಿಲ್ಲಿಸಬೇಕು.
2. ಸಾಮಿಲ್ಲಿನಲ್ಲಿ ಒಂದು ಸೂರು ಹಾಕಿ ಹೊಟ್ಟನ್ನು ಒಣಗಿಸಿ ಇಡಬೇಕು. ಅಂಟು ಇರುವ ಪ್ಲೈವುಡ್ ಪುಡಿಯನ್ನು ಅದಕ್ಕೆ ಬೆರೆಸಬಾರದು, ಅದರ ಹೊಗೆ ಇನ್ನೂ ಕೆಟ್ಟದ್ದು.
3. ಒಲೆಗೆ ಬೇಕಾದವರಿಗೆ ಮೊದಲು ಪುಕ್ಕಟೆ ಕೊಟ್ಟು, ಉಳಿದದ್ದನ್ನು ಮಾತ್ರ ಬ್ರಿಕೆಟ್‌ಗೆ ಕಳಿಸಬೇಕು.
4. ರೇಷ್ಮೆ ಒಲೆಗಳಿಗೆ ಕಬ್ಬಿಣದ ಜಾಲರಿ ಹಾಕಿ ಗಾಳಿ ಆಡುವಂತೆ ಮಾಡಬೇಕು. ಇಲ್ಲದಿದ್ದರೆ ಬ್ರಿಕೆಟ್ ಕೂಡ ಹೊಗೆಯನ್ನೇ ಕೊಡುತ್ತದೆ.

ಸೌದೆ ಉಳಿದರೆ ಮರ ಉಳಿಯುತ್ತದೆ. ಹೊಗೆ ನಿಂತರೆ ಚಿಕ್ಕಮ್ಮನ ಕಣ್ಣು ಉಳಿಯುತ್ತದೆ. ಹೆಡ್ ಮೇಷ್ಟ್ರು ಒಪ್ಪಿದರೆ ನಾವು ಏಳನೇ ತರಗತಿಯವರು ಸೇರಿ ಪಂಚಾಯಿತಿಗೆ ಒಂದು ಅರ್ಜಿ ಬರೆಯೋಣ. ಒಪ್ಪುವವರು ಹೆಸರು ಕೊಡಿ. ಒಪ್ಪದವರು ಯಾಕೆ ಅಂತ ಮುಂದಿನ ಗೋಡೆ ಪತ್ರಿಕೆಗೆ ಬರೆಯಿರಿ. ಉತ್ತರ ಕೊಡೋಕೆ ನಾನು ರೆಡಿ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ