ಹೊಸಿಲಿನಾಚೆ ನಿಂತ ಅಧಿಕಾರಿ

ಬೇಸಗೆಯ ಒಂದು ಮಧ್ಯಾಹ್ನ, ಮೂರೂವರೆ ಗಂಟೆಯ ಸಮಯ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಸಾಲುಮನೆಯೊಂದರಲ್ಲಿ, ಮಗಳ ಬಾಣಂತನಕ್ಕೆಂದು ಬೆಂಗಳೂರಿನ ಮಲ್ಲೇಶ್ವರದಿಂದ ಬಂದ ಗೃಹಿಣಿಯೊಬ್ಬರು ಒಂಟಿಯಾಗಿದ್ದಾರೆ. ಮಗಳೂ ಅಳಿಯಂದಿರೂ ಕೂಸಿಗೆ ಚುಚ್ಚುಮದ್ದು ಹಾಕಿಸಲು ಹೊರಗೆ ಹೋಗಿದ್ದಾರೆ. ಬೆಂಗಳೂರಿನಲ್ಲಿ ಆಗ ರಾತ್ರಿ ಎಂಟು ಗಂಟೆ. ಆಕೆ ದಿನವೂ ತಪ್ಪದೆ ನೋಡುವ ಕನ್ನಡ ಧಾರಾವಾಹಿ ಆರಂಭವಾಗುವ ಹೊತ್ತು. ಅತ್ತೆಯವರಿಗೆ ಬೇಸರವಾಗದಿರಲೆಂದು ಅಳಿಯಂದಿರು ಇಂಟರ್‌ನೆಟ್ಟಿನ ಮೂಲಕ ಕನ್ನಡ ಚಾನೆಲ್ಲು ನೇರವಾಗಿ ಬರುವಂತೆ ಏರ್ಪಾಡು ಮಾಡಿಕೊಟ್ಟಿದ್ದಾರೆ. ಧಾರಾವಾಹಿಯ ಹೆಸರು ತೆರೆಯ ಮೇಲೆ ಮೂಡುತ್ತಿರುವಾಗಲೇ ಬಾಗಿಲ ಗಂಟೆ ಬಾರಿಸಿತು.

ತೆರೆದು ನೋಡಿದರೆ, ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ಅಧಿಕಾರಿ. ತಾನು ಟೆಲಿವಿಷನ್ ಲೈಸೆನ್ಸಿನ ಕಡೆಯಿಂದ ಬಂದಿರುವುದಾಗಿಯೂ ಈ ಮನೆಯ ವಿಳಾಸಕ್ಕೆ ಲೈಸೆನ್ಸು ಇಲ್ಲವೆಂದೂ ತಿಳಿಸಿ, ಒಳಗೆ ಬಂದು ಒಮ್ಮೆ ನೋಡಬಹುದೇ ಎಂದು ಆತ ವಿನಯದಿಂದಲೇ ಕೇಳಿದ.

ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸಿ ಮಾತನಾಡಿಸುವುದು ಆ ತಾಯಿಯ ರೂಢಿಯಲ್ಲ. "ಬನ್ನಿ, ಕುಳಿತುಕೊಳ್ಳಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಕಡೆ ಎದೆ ಡವಗುಟ್ಟುತ್ತಿತ್ತು. ಪೊಲೀಸರು ಬಂದಾರೆಯೆ? ಅಳಿಯಂದಿರ ಕೆಲಸಕ್ಕೆ ಸಂಚಕಾರ ಬಂದೀತೆ? ಕೊನೆಗೆ ಆಕೆಯನ್ನು ಕಾಪಾಡಿದ್ದು ಯಾವ ಕಾನೂನಿನ ಪುಸ್ತಕವೂ ಅಲ್ಲ. ಮನೆಯವರಿಲ್ಲದಾಗ ಅಪರಿಚಿತರನ್ನು ಒಳಗೆ ಕರೆಯಬಾರದೆಂಬ ತಾಯಿಯ ಕಾಲದ ಬುದ್ಧಿವಾದ. "ಮನೆಯವರು ಇಲ್ಲ. ಬಂದ ಮೇಲೆ ತಿಳಿಸುತ್ತೇನೆ" ಎಂದಷ್ಟೇ ಹೇಳಿ, ನಮಸ್ಕಾರ ಮಾಡಿ, ಆಕೆ ಬಾಗಿಲು ಹಾಕಿಕೊಂಡರು. ಬಂದವನು ಒಂದು ಕಾಗದ ಬಿಟ್ಟು ಹೊರಟುಹೋದ.

ಇದು ಒಂದೇ ಮನೆಯ ಕಥೆಯಲ್ಲ. ಮಕ್ಕಳು ಬ್ರಿಟನ್ನಿನಲ್ಲಿ ನೆಲಸಿರುವ ಯಾವ ಕನ್ನಡ ಸಂಸಾರದಲ್ಲಾದರೂ ನಡೆಯಬಹುದಾದ ಪ್ರಸಂಗ. ಆ ತಾಯಿ ಮಾಡಿದ್ದು ಸರಿಯೆ? ಆ ದೇಶದ ಕಾನೂನು ಈ ವಿಷಯದಲ್ಲಿ ಏನೆನ್ನುತ್ತದೆ?

ಟೆಲಿವಿಷನ್ನಿಗೆ ಲೈಸೆನ್ಸು ಎಂದರೆ ಇಂದಿನ ತರುಣರಿಗೆ ನಗು ಬಂದೀತು. ಆದರೆ ರೇಡಿಯೋ ಲೈಸೆನ್ಸಿನ ಪುಟ್ಟ ಪುಸ್ತಕವನ್ನು ಹಿಡಿದು ಅಂಚೆ ಕಚೇರಿಯಲ್ಲಿ ಸಾಲು ನಿಂತ ನೆನಪು ನಮ್ಮ ಹಿರಿಯರಿಗೆ ಇನ್ನೂ ಮಾಸಿಲ್ಲ. ಭಾರತದಲ್ಲಿ ಆ ಪದ್ಧತಿ 1980ರ ದಶಕದ ನಡುವಿನಲ್ಲಿ ಕೊನೆಗೊಂಡಿತು. ಬ್ರಿಟನ್ನಿನಲ್ಲಿ ಅದು ಉಳಿದುಬಂದಿದೆ. ಅಲ್ಲಿ 1922ರಲ್ಲಿ ರೇಡಿಯೋಗೆ 10 ಷಿಲಿಂಗಿನ ಲೈಸೆನ್ಸು ಬಂದಿತು. 1946ರಲ್ಲಿ ಟೆಲಿವಿಷನ್ನಿಗೆ 2 ಪೌಂಡಿನ ಲೈಸೆನ್ಸು ಸೇರಿತು. ರೇಡಿಯೋ ಲೈಸೆನ್ಸು 1971ರಲ್ಲಿ ರದ್ದಾದರೂ ಟೆಲಿವಿಷನ್ನಿನದು ನಿಲ್ಲಲಿಲ್ಲ. ಅದರ ವಾರ್ಷಿಕ ಶುಲ್ಕ 2025ರ ಏಪ್ರಿಲ್‌ನಲ್ಲಿ 174 ಪೌಂಡ್ 50 ಪೆನ್ಸಿಗೆ ಏರಿತು. ಬಿಬಿಸಿ ಸಂಸ್ಥೆಯ ಮುಖ್ಯ ಜೀವನಾಧಾರ ಈ ಹಣವೇ. 1991ರಿಂದ ವಸೂಲಿಯ ಹೊಣೆಯೂ ಬಿಬಿಸಿಯದೇ. ಆದರೆ ಮನೆಮನೆಯ ಬಾಗಿಲಿಗೆ ಬರುವವರು ಪೊಲೀಸರೂ ಅಲ್ಲ, ಸರಕಾರದ ಅಧಿಕಾರಿಗಳೂ ಅಲ್ಲ. ಬಿಬಿಸಿಯಿಂದ ಗುತ್ತಿಗೆ ಪಡೆದ ಖಾಸಗಿ ಕಂಪನಿಯ ನೌಕರರು. ಮೊದಲು ತಿಳಿದಿರಬೇಕಾದ ಸಂಗತಿ ಇದು.

ಎರಡನೆಯದು ಹೊಸಿಲಿನ ಸಂಗತಿ. ನಮ್ಮಲ್ಲಿ ಹೊಸಿಲಿಗೆ ಅರಿಶಿನ ಕುಂಕುಮವಿಟ್ಟು ಪೂಜಿಸುತ್ತಾರೆ. ಇಂಗ್ಲಿಷರು ಅದಕ್ಕೆ ಪೂಜೆ ಮಾಡದಿದ್ದರೂ ಕಾನೂನಿನ ಬೇಲಿ ಕಟ್ಟಿದ್ದಾರೆ. ಪ್ರತಿಯೊಬ್ಬನಿಗೂ ಅವನ ಮನೆಯೇ ಕೋಟೆಯೆಂಬ ತತ್ತ್ವ ಅವರ ನ್ಯಾಯಸ್ಥಾನದಲ್ಲಿ 1604ರಷ್ಟು ಹಿಂದೆಯೇ ಘೋಷಿತವಾಯಿತು. ಅದಕ್ಕಿಂತಲೂ ರೋಚಕವಾದುದು ಜಾನ್ ಎಂಟಿಕ್ ಎಂಬ ಲೇಖಕನ ಮೊಕದ್ದಮೆ. 1762ರ ನವೆಂಬರಿನಲ್ಲಿ ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸನ ಆಜ್ಞಾಪತ್ರವನ್ನು ಹಿಡಿದು ದೊರೆಯ ದೂತರು ಅವನ ಮನೆಗೆ ನುಗ್ಗಿದರು. ಬೀಗಗಳನ್ನು ಒಡೆದು, ಗಂಟೆಗಟ್ಟಲೆ ಶೋಧಿಸಿ, ಕಾಗದಪತ್ರಗಳನ್ನು ಹೊತ್ತುಕೊಂಡು ಹೋದರು. ಎಂಟಿಕ್ ಸುಮ್ಮನಿರಲಿಲ್ಲ, ದಾವೆ ಹೂಡಿದ. 1765ರಲ್ಲಿ ಲಾರ್ಡ್ ಕ್ಯಾಮ್ಡೆನ್ ತೀರ್ಪು ಕೊಟ್ಟರು. ಆಜ್ಞೆ ಮಂತ್ರಿಯದೇ ಆಗಿರಲಿ, ಅದಕ್ಕೆ ಕಾನೂನಿನಲ್ಲಿ ಆಧಾರವಿಲ್ಲದ ಮೇಲೆ ಪರರ ಮನೆಯೊಳಗೆ ಕಾಲಿಟ್ಟದ್ದು ಅತಿಕ್ರಮಣವೇ ಎಂಬುದು ಆ ತೀರ್ಪಿನ ಸಾರ. ದೊರೆಯ ದೂತರಿಗೆ ಇಲ್ಲದ ಅಧಿಕಾರ ಲೈಸೆನ್ಸಿನ ತನಿಖಾಧಿಕಾರಿಗೆ ಎಲ್ಲಿಂದ ಬಂದೀತು?

ಹಾಗೆಂದಮಾತ್ರಕ್ಕೆ ಅವನು ಬಾಗಿಲು ತಟ್ಟುವುದೇ ತಪ್ಪೆಂದಲ್ಲ. ಅಂಚೆಯವನು, ಹಾಲಿನವನು, ನೆರೆಯವರು ಇವರೆಲ್ಲ ಗೇಟು ತೆರೆದು ಬಾಗಿಲವರೆಗೆ ಬರಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅಲ್ಲಿಯವರೆಗೆ ಬರಲು ಮನೆಯವರ ಮೌನ ಸಮ್ಮತಿಯುಂಟೆಂದು ಕಾನೂನು ಭಾವಿಸುತ್ತದೆ. ಆದರೆ "ದಯವಿಟ್ಟು ಹೋಗಿ" ಎಂದು ಮನೆಯವರು ಹೇಳಿದೊಡನೆ ಆ ಸಮ್ಮತಿ ಮುಗಿಯಿತು, ಬಂದವನು ಹೊರಡಲೇಬೇಕು. ಪೊಲೀಸರ ವಿಷಯದಲ್ಲಿಯೂ ಈ ಸೂತ್ರವೇ ಸಲ್ಲುತ್ತದೆಂದು 1967ರ ತೀರ್ಪೊಂದು ಸ್ಪಷ್ಟಪಡಿಸಿದೆ. ಆದ್ದರಿಂದ ತನಿಖಾಧಿಕಾರಿಯ ಗುರುತಿನ ಚೀಟಿಯನ್ನು ಕೇಳಿ ನೋಡಬಹುದು. ನೋಡಿಯೂ ಒಳಗೆ ಬಿಡದೆ ಇರಬಹುದು. ಮಾತು ಬೇಡವೆಂದು ಬಾಗಿಲು ಹಾಕಿಕೊಳ್ಳಬಹುದು. ಇವು ಯಾವುವೂ ಅಪರಾಧವಲ್ಲ. ಬಾಗಿಲಲ್ಲಿಯೇ ಹಣ ಕೊಡಬೇಕೆಂಬ ನಿರ್ಬಂಧವೂ ಇಲ್ಲ. ಅಧಿಕಾರಿಗಳ ವೇಷದಲ್ಲಿ ಮೋಸಗಾರರು ತಿರುಗುವ ಈ ಕಾಲದಲ್ಲಿ, ಅವಸರಪಟ್ಟು ಬ್ಯಾಂಕಿನ ವಿವರ ಕೊಡದಿರುವುದೇ ಜಾಣತನ.

ಒಂದು ಸಂದರ್ಭದಲ್ಲಿ ಮಾತ್ರ ಬಾಗಿಲು ತೆರೆಯಲೇಬೇಕು. ಅಪರಾಧ ನಡೆದಿದೆಯೆಂದು ನಂಬಲು ಸಾಕಷ್ಟು ಕಾರಣವಿದೆ, ಅದರ ಪುರಾವೆ ಮನೆಯೊಳಗೆ ಸಿಕ್ಕೀತು, ವಾರಂಟಿಲ್ಲದೆ ಪ್ರವೇಶ ದೊರೆಯದು ಎಂದು ಪ್ರಮಾಣಪೂರ್ವಕವಾಗಿ ತಿಳಿಸಿದರೆ, ನ್ಯಾಯಾಧೀಶರು 2003ರ ಕಮ್ಯುನಿಕೇಷನ್ಸ್ ಕಾಯಿದೆಯ 366ನೆಯ ಕಲಮಿನಂತೆ ಶೋಧನೆಯ ವಾರಂಟು ಕೊಡಬಹುದು. ಅದಕ್ಕೆ ಒಂದು ತಿಂಗಳ ಆಯುಷ್ಯ. ಅಂಥ ವಾರಂಟು ಬಂದಾಗ ಅದರಲ್ಲಿರುವ ವಿಳಾಸ, ತಾರೀಖುಗಳನ್ನು ನಿಧಾನವಾಗಿ ಓದಿ ದಾರಿ ಬಿಡಬೇಕು. ಅಡ್ಡಿಪಡಿಸಿದರೆ ಅದೇ ಇನ್ನೊಂದು ಅಪರಾಧವಾಗುತ್ತದೆ. ವಾರಂಟಿಲ್ಲದೆ ಬಂದವನಿಗೆ ಮನೆಯವರ ಅನುಮತಿಯೊಂದೇ ಕೀಲಿಕೈ.

ಮೂರನೆಯದು ಮಾತಿನ ಸಂಗತಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅಪರಾಧದ ಸಂಶಯದ ಮೇಲೆ ಪ್ರಶ್ನಿಸುವ ಮುನ್ನ ಅಧಿಕಾರಿ ಒಂದು ಎಚ್ಚರಿಕೆಯನ್ನು ಹೇಳಬೇಕು: ಉತ್ತರ ಕೊಡಲೇಬೇಕೆಂದಿಲ್ಲ; ಆದರೆ ಮುಂದೆ ನ್ಯಾಯಸ್ಥಾನದಲ್ಲಿ ಆಧಾರವಾಗಿ ಹಿಡಿಯುವ ಸಂಗತಿಯನ್ನು ಈಗ ಹೇಳದಿದ್ದರೆ ವಾದಕ್ಕೆ ಕುಂದು ಬರಬಹುದು; ಹೇಳಿದ್ದು ಸಾಕ್ಷ್ಯವಾಗಬಹುದು. ಅನಂತರ ಅವನು ಪ್ರಶ್ನೋತ್ತರಗಳನ್ನು ಒಂದು ನಮೂನೆಯಲ್ಲಿ ಬರೆದುಕೊಂಡು ರುಜು ಕೇಳುತ್ತಾನೆ. ರುಜು ಹಾಕುವುದು ಕಡ್ಡಾಯವಲ್ಲ. ಹಾಕುವುದಾದರೆ ಪ್ರತಿಯೊಂದು ಸಾಲನ್ನೂ ಓದಿ ಹಾಕಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಬಾಗಿಲಲ್ಲಿ ಗಾಬರಿಯಿಂದ ಆಡಿದ ಎರಡು ಮಾತು, ಓದದೆ ಹಾಕಿದ ಒಂದು ರುಜು, ಇವೇ ಮೊಕದ್ದಮೆಯ ಮುಖ್ಯ ಸಾಕ್ಷಿಯಾದಾವು.

ಈ ಮಾತಿಗೆ ಏಕೆ ಇಷ್ಟು ಒತ್ತು ಎಂದರೆ, ಇದರ ಪೆಟ್ಟು ಬೀಳುವುದು ಹೆಂಗಸರ ಮೇಲೆ. ಲೈಸೆನ್ಸಿಲ್ಲದ ತಪ್ಪಿಗಾಗಿ 2019ರಲ್ಲಿ ದೋಷಿಗಳೆನಿಸಿದವರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಮಂದಿ ಹೆಂಗಸರು. ಟೆಲಿವಿಷನ್ ನೋಡುವುದು ಮನೆಮಂದಿಯೆಲ್ಲ. ಹಗಲು ಹೊತ್ತಿನಲ್ಲಿ ಬಾಗಿಲು ತೆರೆಯುವವಳು ಮಾತ್ರ ಮನೆಯ ಹೆಣ್ಣು. ಸುಳ್ಳು ಹೇಳಲಾರದೆ, ಸುಮ್ಮನಿರಲೂ ಬಾರದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಅವಳೇ ಆರೋಪಿಯಾಗುತ್ತಾಳೆ. ತಪ್ಪಿಗೆ ಸೆರೆಮನೆಯ ಶಿಕ್ಷೆಯಿಲ್ಲ. ಜುಲ್ಮಾನೆ 1000 ಪೌಂಡಿನವರೆಗೆ ಆಗಬಹುದು, ಜೊತೆಗೆ ನ್ಯಾಯಸ್ಥಾನದ ಖರ್ಚು. 2015ರಿಂದ ಇಂಥ ಮೊಕದ್ದಮೆಗಳನ್ನು ಒಬ್ಬರೇ ನ್ಯಾಯಾಧೀಶರು ಕಾಗದಪತ್ರ ನೋಡಿಯೇ ತೀರ್ಮಾನಿಸುವ ಪದ್ಧತಿ ಬಂದಿದೆ. ಆ ಕುರಿತು ಬಂದ ಕಾಗದಕ್ಕೆ 21 ದಿನಗಳೊಳಗೆ ಉತ್ತರ ಬರೆಯದಿದ್ದರೆ, ಆರೋಪಿ ಒಂದು ಮಾತೂ ಆಡದೆಯೇ ದೋಷಿಯೆನಿಸಬಹುದು. ಬಾಗಿಲಲ್ಲಿ ಮೌನ ಬಂಗಾರ. ನ್ಯಾಯಸ್ಥಾನದ ಕಾಗದಕ್ಕೆ ಮೌನ ಆಪತ್ತು. ಈ ಎರಡನ್ನೂ ಬೇರೆ ಬೇರೆಯಾಗಿ ನೆನಪಿಡಬೇಕು.

ಇಷ್ಟು ಹಕ್ಕಿನ ಮಾತಾಯಿತು. ಇನ್ನು ರೆಡಿಂಗಿನ ಆ ಮನೆಗೆ ಹಿಂತಿರುಗಬಹುದು.

ಸಂಜೆ ಮಗಳು ಬಂದು ಕಾಗದವನ್ನು ನೋಡಿ, ತಾಯಿಯ ಬೆನ್ನು ತಟ್ಟಿದಳು. "ಒಳ್ಳೆ ಕೆಲಸ ಮಾಡಿದೆ ಅಮ್ಮ. ಒಳಗೆ ಬಿಡಬೇಕು ಅನ್ನೋ ಕಾನೂನೇ ಇಲ್ಲ."

ತಾಯಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. "ಅದು ಇರಲಿ ಕಣೇ. ನಾನು ನೋಡ್ತಾ ಇದ್ದದ್ದು ತಪ್ಪೋ ಅಲ್ಲವೋ, ಅದನ್ನ ಮೊದಲು ಹೇಳು."

ಮಗಳಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಯಲ್ಲಿ ಟೆಲಿವಿಷನ್ ಇಟ್ಟುಕೊಂಡ ಮಾತ್ರಕ್ಕೆ ಲೈಸೆನ್ಸು ಬೇಕಾಗುವುದಿಲ್ಲ. ಗಂಡಹೆಂಡಿರು ಬಿಡುವಾದಾಗ ಸಂಗ್ರಹದಿಂದ ಆರಿಸಿ ಸಿನಿಮಾ ನೋಡುತ್ತಿದ್ದರಷ್ಟೆ. ಅದಕ್ಕೂ ಲೈಸೆನ್ಸು ಬೇಡ. ಹಾಗೆಂದೇ ಅವರು ತಮಗೆ ಲೈಸೆನ್ಸಿನ ಅಗತ್ಯವಿಲ್ಲವೆಂದು ಬರೆದುಕೊಟ್ಟಿದ್ದರು. ಆಗ ಅದು ನಿಜವೇ. ಆದರೆ ಯಾವ ಚಾನೆಲ್ಲಿನಲ್ಲೇ ಆಗಲಿ, ಪ್ರಸಾರವಾಗುತ್ತಿರುವ ಕಾರ್ಯಕ್ರಮವನ್ನು ಆ ಹೊತ್ತಿಗೇ ನೋಡಿದರೆ ಲೈಸೆನ್ಸು ಬೇಕು. ಪೆಟ್ಟಿಗೆ ಟೆಲಿವಿಷನ್ನಿನದಾಗಲಿ, ಕಂಪ್ಯೂಟರಾಗಲಿ, ಕೈಯಲ್ಲಿನ ಫೋನಾಗಲಿ ನಿಯಮ ಒಂದೇ. ಚಾನೆಲ್ಲು ಲಂಡನ್ನಿನದಾದರೂ ಬೆಂಗಳೂರಿನದಾದರೂ ಒಂದೇ. ಬಿಬಿಸಿಯ ಐಪ್ಲೇಯರನ್ನು ಬಳಸುವವರಿಗೆ, ಹಳೆಯ ಕಾರ್ಯಕ್ರಮವೇ ಆದರೂ, 2016ರ ಸೆಪ್ಟೆಂಬರಿನಿಂದ ಲೈಸೆನ್ಸು ಅಗತ್ಯ. ಅಂದಮೇಲೆ ರಾತ್ರಿ ಎಂಟರ ಧಾರಾವಾಹಿಯನ್ನು ಎಂಟಕ್ಕೇ ನೋಡಿದರೆ ಲೈಸೆನ್ಸು ಬೇಕು. ಅದೇ ಕಂತನ್ನು ಮರುದಿನ ಸಂಗ್ರಹದಿಂದ ತೆಗೆದು ನೋಡಿದರೆ ಬೇಡ. ಓದಲು ಹೋಗಿ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಕ್ರಿಕೆಟ್ ಪಂದ್ಯವನ್ನು ನೇರವಾಗಿ ನೋಡುವ ಹುಡುಗರಿಗೂ ಈ ನಿಯಮ ಸಲ್ಲುತ್ತದೆ.

ಇದನ್ನೆಲ್ಲ ಓದಿ ಹೇಳಿದಾಗ ತಾಯಿಯ ಮುಖ ಚಿಕ್ಕದಾಯಿತು. "ಹಾಗಾದರೆ ಬೇಡವೇ ಬೇಡ. ನಾಳೆ ನೋಡಿದರಾಯಿತು. ಒಂದು ದಿನ ತಡವಾದರೆ ಆ ಅತ್ತೆಸೊಸೆಯರ ಜಗಳ ಎಲ್ಲಿಗೂ ಓಡಿಹೋಗೋದಿಲ್ಲ" ಎಂದರು.

ಅಷ್ಟು ಹೊತ್ತು ಸುಮ್ಮನಿದ್ದ ಅಳಿಯಂದಿರು ಮೆಲ್ಲನೆ ಬಾಯಿ ಬಿಟ್ಟರು. "ನಿಮ್ಮೊಬ್ಬರದೇ ಅಲ್ಲ ಅತ್ತೆ. ಹೋದ ತಿಂಗಳು ನಾನೂ ಎರಡು ಮ್ಯಾಚು ನೇರವಾಗಿ ನೋಡಿದ್ದೇನೆ."

ಆ ರಾತ್ರಿಯೇ ಲೈಸೆನ್ಸಿನ ಹಣ ಪಾವತಿಯಾಯಿತು.

ಹಕ್ಕು ಇರುವುದು ತಪ್ಪನ್ನು ಬಚ್ಚಿಡುವುದಕ್ಕಲ್ಲ, ಭಯದಿಂದ ಪಾರಾಗುವುದಕ್ಕೆ. ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಆ ತಾಯಿ ಏನನ್ನೂ ಒಪ್ಪಿಸಬೇಕಾಗಿರಲಿಲ್ಲ, ಒಪ್ಪಿಸಲೂ ಇಲ್ಲ. ಮನೆಯವರೆಲ್ಲ ಒಟ್ಟಿಗೆ ಕುಳಿತು, ನಿಯಮವನ್ನು ನಿಧಾನವಾಗಿ ಓದಿ, ಕೊಡಬೇಕಾದದ್ದನ್ನು ಕೊಡಲು ಅವರಿಗೆ ಒಂದು ಸಂಜೆಯ ಅವಕಾಶ ಸಿಕ್ಕಿತು. ಆ ಅವಕಾಶವನ್ನು ಉಳಿಸಿಕೊಟ್ಟದ್ದು ಹೊಸಿಲು. ಬಿಬಿಸಿಯ ಈಗಿನ ರಾಜಶಾಸನ 2027ರ ಕೊನೆಗೆ ಮುಗಿಯುತ್ತದೆ. ಅನಂತರ ಲೈಸೆನ್ಸು ಉಳಿದೀತೋ, ಬೇರೆ ರೂಪ ತಾಳೀತೋ, ಅದು ಅಲ್ಲಿಯ ಪಾರ್ಲಿಮೆಂಟಿಗೆ ಬಿಟ್ಟದ್ದು. ಮಗಳ ಮನೆಗೆ ಹೊರಡುವ ತಾಯಂದಿರು ಮೆಂತ್ಯದ ಹಿಟ್ಟು, ಚಟ್ನಿಪುಡಿಗಳ ಜೊತೆಗೆ ಈ ನಾಲ್ಕು ಮಾತುಗಳನ್ನೂ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಇವಕ್ಕೆ ವಿಮಾನದಲ್ಲಿ ತೂಕವಿಲ್ಲ.