ಬೋನಾಳದ ಕೆರೆಯೂ ನಮ್ಮ ಕಾಲೇಜುಗಳೂ

ಕಾಲೇಜಿನ ಜೀವಶಾಸ್ತ್ರ ವಿಭಾಗವೆಂದೊಡನೆ ಕಣ್ಣಿಗೆ ಕಟ್ಟುವುದು ಫಾರ್ಮಲಿನ್ ತುಂಬಿದ ಸೀಸೆಗಳು, ಗೋಡೆಯ ಚಿತ್ರಪಟಗಳು, ವರ್ಷದ ಕೊನೆಯಲ್ಲಿ ಸಹಿ ಬೀಳುವ ರೆಕಾರ್ಡ್ ಪುಸ್ತಕಗಳು. ಆಗೊಮ್ಮೆ ಈಗೊಮ್ಮೆ ಒಂದು ಸಾರ್ವಜನಿಕ ಉಪನ್ಯಾಸವೂ ನಡೆಯುವುದುಂಟು. ದೂರದ ಊರಿನಿಂದ ವಿದ್ವಾಂಸರೊಬ್ಬರು ಬರುತ್ತಾರೆ. ಪ್ರಪಂಚದ ಬೇರಾವುದೋ ಭಾಗದ ಪ್ರಾಣಿಗಳ ವಿಷಯ ಹೇಳುತ್ತಾರೆ. ವಂದನಾರ್ಪಣೆಯೊಡನೆ ಸಭೆ ಮುಗಿಯುತ್ತದೆ. ಹೆಸರಿಗೆ ಸಾರ್ವಜನಿಕವಾದರೂ ಸಾರ್ವಜನಿಕರು ಅಲ್ಲಿ ವಿರಳ. ಉಪನ್ಯಾಸವೂ ವಿದ್ಯಾರ್ಥಿಗಳ ಸಂಶೋಧನೆಯೂ ಬೇರೆ ಬೇರೆ ಕೆಲಸಗಳೆಂದು ಭಾವಿಸಿರುವುದೇ ಈ ನಿಸ್ಸಾರತೆಗೆ ಕಾರಣವೆಂದು ನಮ್ಮ ಅಭಿಪ್ರಾಯ.

ಯಾದಗಿರಿ ಜಿಲ್ಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸುರಪುರ, ಶಹಾಪುರ, ಯಾದಗಿರಿಗಳಲ್ಲಿ ಕಾಲೇಜುಗಳಿವೆ. ಸುರಪುರದ ಸೀಮೆಯಲ್ಲೇ ಬೋನಾಳದ ಪಕ್ಷಿಧಾಮವಿದೆ. ಸುರಪುರದ ನಾಯಕ ಅರಸರ ಕಾಲದ್ದೆಂದು ಹೇಳುವ ಈ ಕೆರೆಯನ್ನು, 19ನೆಯ ಶತಮಾನದಲ್ಲಿ ಆ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸುಧಾರಿಸಿದನು. ಕೆನ್ನೀಲಿ ಬಕ, ಬಿಳಿ ಮತ್ತು ಕರಿ ಕೆಂಬರಲು, ನೇರಳೆ ಜಂಬುಕೋಳಿ ಮೊದಲಾದ ನೀರುಹಕ್ಕಿಗಳು ಇಲ್ಲಿ ಕಾಣುತ್ತವೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳೂ ಬರುತ್ತವೆ. ಇವು ಮಧ್ಯ ಏಷ್ಯದ ಪ್ರಸ್ಥಭೂಮಿಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರತಕ್ಕವು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಇಂತಹ ಅತಿಥಿಗಳು ಬಾಗಿಲಿಗೇ ಬರುವಾಗ ನಾವು ಸೀಸೆಯೊಳಗಿನ ಕಪ್ಪೆಯನ್ನಷ್ಟೇ ನೋಡುತ್ತ ಕುಳಿತಿರುವುದು ಸರಿಯೆ?

ಬರಿಯ ಕುತೂಹಲದ ಮಾತು ಇದಲ್ಲ. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನಿಂದ ಎಡದಂಡೆ ಕಾಲುವೆ ಹರಿದ ಮೇಲೆ ಈ ಸೀಮೆಯ ಬೇಸಾಯವೇ ಬದಲಾಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಗದ್ದೆಗಳಾದವು. ಇದರಿಂದ ಹಕ್ಕಿಗಳಿಗೆ ಲಾಭವೊ ನಷ್ಟವೊ? ಬಾಯ್ಕಳಕ ಕೊಕ್ಕರೆಯ ಮುಖ್ಯ ಆಹಾರ ನೀರಿನ ಬಸವನಹುಳು. ನೀರು ನಿಂತ ಗದ್ದೆಗಳಲ್ಲಿ ಬಸವನಹುಳು ಹೆಚ್ಚಿದರೆ ಅದಕ್ಕೆ ಹಬ್ಬ. ಆದರೆ ಅದೇ ಗದ್ದೆಗೆ ಹೊಡೆದ ಕೀಟನಾಶಕವು ಹುಳುವಿನ ಮೂಲಕ ಹಕ್ಕಿಯನ್ನೂ, ಮೀನಿನ ಮೂಲಕ ಮನುಷ್ಯನನ್ನೂ ಮುಟ್ಟಬಹುದು. ಎರಡೂ ಸಾಧ್ಯ. ಯಾವುದು ನಿಜವೆಂಬುದನ್ನು ತರ್ಕವು ಹೇಳಲಾರದು. ವರ್ಷವರ್ಷವೂ ಬರೆದಿಟ್ಟ ಲೆಕ್ಕ ಮಾತ್ರ ಹೇಳಬಲ್ಲದು. ದೂರದ ಸಂಶೋಧಕನು ಎರಡು ದಿನ ಬಂದು ಪಟ್ಟಿ ಮಾಡಿಕೊಂಡು ಹೋಗಬಲ್ಲನು. ಹದಿನೈದು ದಿನಕ್ಕೊಮ್ಮೆ, ಹತ್ತು ವರ್ಷಗಳ ಕಾಲ, ಅದೇ ಏರಿಯ ಮೇಲೆ ನಿಲ್ಲಬಲ್ಲವರು ಸಮೀಪದ ಕಾಲೇಜಿನ ವಿದ್ಯಾರ್ಥಿಗಳೇ.

“ಹುಡುಗರ ಎಣಿಕೆಯನ್ನು ನಂಬುವುದು ಹೇಗೆ?” ಎಂದು ಕೆಲವರು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಇದಕ್ಕೆ ಉತ್ತರ ಎಣಿಕೆಯ ಕ್ರಮದಲ್ಲಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಗೂಡುಗಳಿಂದ ದೂರವಿದ್ದು, ಪ್ರತಿಸಲವೂ ಗೊತ್ತಾದ ಸ್ಥಳದಲ್ಲಿ, ಗೊತ್ತಾದ ಹೊತ್ತಿನಲ್ಲಿ ನಿಲ್ಲಬೇಕು. ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಬರೆದ ಮೇಲೆಯೇ ಹೋಲಿಸಿ ನೋಡಬೇಕು. ದೊಡ್ಡ ಹಿಂಡಾದರೆ ಮೊದಲು ಹತ್ತು ಹಕ್ಕಿಗಳು ಎಷ್ಟು ಜಾಗ ಹಿಡಿಯುತ್ತವೆಂದು ನೋಡಿ ಆ ಅಳತೆಯಿಂದ ಮುಂದುವರಿಯಬೇಕು. ನೀರಿನ ಮಟ್ಟವನ್ನೂ ಬರೆದಿಡಬೇಕು. ಹಕ್ಕಿ ಕಾಣದ ದಿನ ಸೊನ್ನೆಯನ್ನೂ ತಪ್ಪದೆ ಬರೆಯಬೇಕು. ಗುರುತು ಸಿಗದ ಹಕ್ಕಿಗೆ ಹೆಸರು ಕಟ್ಟಕೂಡದು. ಇಷ್ಟು ಶಿಸ್ತಿದ್ದರೆ ವಿದ್ಯಾರ್ಥಿಯ ಲೆಕ್ಕವೂ ವಿಜ್ಞಾನವೇ. 1987ರಲ್ಲಿ ಆರಂಭವಾದ ಏಷ್ಯದ ನೀರುಹಕ್ಕಿಗಳ ಜನವರಿ ಗಣತಿಯು ಬಹುಮಟ್ಟಿಗೆ ಇಂತಹ ಸ್ವಯಂಸೇವಕರ ಕಣ್ಣುಗಳನ್ನೇ ನಂಬಿದೆ.

ಹೀಗೆ ದೊರೆತ ಫಲಿತಾಂಶವು ಕಪಾಟು ಸೇರಿದರೆ ಪ್ರಯೋಜನವಿಲ್ಲ. ಇಲ್ಲಿಯೇ ಸಾರ್ವಜನಿಕ ಉಪನ್ಯಾಸದ ಸ್ಥಾನ. ಮೈಕೆಲ್ ಫ್ಯಾರಡೆಯಂತಹ ಮಹಾಸಂಶೋಧಕನೂ ಲಂಡನ್ನಿನಲ್ಲಿ ಮಕ್ಕಳ ಮುಂದೆ ನಿಂತು ಉಪನ್ಯಾಸ ಮಾಡಿದನು. ತನ್ನ ಘನತೆಗೆ ಅದರಿಂದ ಕುಂದೆಂದು ಎಣಿಸಲಿಲ್ಲ. ನಮ್ಮಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡಗೂಡಿ 1918ರಲ್ಲಿಯೇ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ಬಾಳದಿದ್ದರೂ, ಕಾಲೇಜಿನೊಳಗಿನ ಅರಿವು ಹೊರಗಿನವರಿಗೂ ಸಲ್ಲಬೇಕೆಂಬ ಅದರ ಉದ್ದೇಶ ಇಂದಿಗೂ ಹಳತಾಗಿಲ್ಲ.

ಆದುದರಿಂದ ನಮ್ಮ ಸೂಚನೆ ಇದು. ವರ್ಷಕ್ಕೊಂದು ಉಪನ್ಯಾಸವಾದರೂ ಕಾಲೇಜಿನ ಸಭಾಂಗಣವನ್ನು ಬಿಟ್ಟು ಬೋನಾಳದಂತಹ ಊರಿನಲ್ಲಿಯೇ ನಡೆಯಲಿ. ಮಾತನಾಡುವವರು ಆ ವರ್ಷ ಹಕ್ಕಿಗಳನ್ನು ಎಣಿಸಿದ ವಿದ್ಯಾರ್ಥಿಗಳಾಗಿರಲಿ; ಭಾಷೆ ತಿಳಿಗನ್ನಡವಾಗಿರಲಿ. ಮುಂದೆ ಕುಳಿತ ರೈತನೂ ಮೀನುಗಾರನೂ ಪ್ರಶ್ನೆ ಕೇಳಲಿ, ತಪ್ಪಿದ್ದರೆ ತಿದ್ದಲಿ. ಕೆರೆ ಯಾವ ವರ್ಷ ಬತ್ತಿತ್ತು, ಯಾವ ಮೀನು ಕಾಣೆಯಾಯಿತು ಎಂಬುದನ್ನು ಪುಸ್ತಕಕ್ಕಿಂತ ಅವರು ಚೆನ್ನಾಗಿ ಬಲ್ಲರು. ಅವರಿಂದ ಹುಟ್ಟಿದ ಪ್ರಶ್ನೆಯೇ ಮುಂದಿನ ವರ್ಷದ ಸಂಶೋಧನೆಗೆ ವಿಷಯವಾಗಲಿ.

ಕೆರೆಯ ನೀರನ್ನು ಬಳಸುವವರು, ಗದ್ದೆಗೆ ಔಷಧ ಹೊಡೆಯುವವರು ಊರಿನವರೇ. ಅವರ ಮನಸ್ಸಿಗೆ ಮುಟ್ಟದ ಲೆಕ್ಕವು ಎಷ್ಟು ಶುದ್ಧವಾಗಿದ್ದರೂ ಒಂದು ಹಕ್ಕಿಯನ್ನೂ ಉಳಿಸಲಾರದು. ವಿದ್ಯಾರ್ಥಿ ಮಿತ್ರರು ಅಧ್ಯಾಪಕರ ಅಪ್ಪಣೆಗಾಗಿ ಕಾಯಬೇಕಾಗಿಯೂ ಇಲ್ಲ. ಒಂದು ನೋಟುಪುಸ್ತಕ, ಒಂದು ಸೀಸದಕಡ್ಡಿ, ಒಬ್ಬ ಗೆಳೆಯ, ತಮ್ಮ ಊರಿನ ಕೆರೆ: ಆರಂಭಕ್ಕೆ ಇಷ್ಟು ಸಾಕು.